ಎರಡನೇ ಪ್ರಶ್ನೆ

1951ರ ಅಕ್ಟೋಬರ್ 16ರ ರಾತ್ರಿ. ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಗೆ ಹತ್ತು ದಿನವೂ ಉಳಿದಿರಲಿಲ್ಲ. ಟೆಲಿವಿಷನ್ನಿನಲ್ಲಿ ಚುನಾವಣಾ ಪ್ರಚಾರ ಮಾಡಲು ರಾಜಕೀಯ ಪಕ್ಷಗಳಿಗೆ ಮೊದಲ ಬಾರಿಗೆ ಅವಕಾಶ ಸಿಕ್ಕಿತ್ತು. ಕನ್ಸರ್ವೇಟಿವ್ ಪಕ್ಷ ತನ್ನ ಪಾಲಿನ ಹೊತ್ತಿಗೆ ಆ್ಯಂಟನಿ ಈಡನ್ ಅವರನ್ನು ಕೂರಿಸಿತು. ಎದುರಿಗೆ ಕೂತವರು ಲೆಸ್ಲಿ ಮಿಚೆಲ್, 1936ರಲ್ಲಿ ಬಿಬಿಸಿ ಟೆಲಿವಿಷನ್ ಶುರುವಾದಾಗಿನಿಂದ ವೀಕ್ಷಕರಿಗೆ ಪರಿಚಿತವಾಗಿದ್ದ ದನಿ. ನೋಡುತ್ತಿರುವವರು ಕೇಳಬಯಸುವ ಪ್ರಶ್ನೆಗಳನ್ನೇ ತಾನು ಕೇಳುವುದಾಗಿ ಹೇಳಿ ಮಿಚೆಲ್ ಮಾತು ತೆಗೆದರು. ಮರುಕ್ಷಣವೇ, ವಿದೇಶಾಂಗ ವಿಷಯದಿಂದ ಆರಂಭಿಸೋಣವೇ, ಇಲ್ಲ ದೇಶದ ಒಳಗಿನ ವಿಚಾರಕ್ಕೆ ಬರೋಣವೇ, ತಮ್ಮ ಇಷ್ಟ ಹೇಗೆ ಎಂದು ಈಡನ್ ಅವರನ್ನೇ ವಿಚಾರಿಸಿದರು.

ಪ್ರಶ್ನೆ, ಉತ್ತರ ಎರಡನ್ನೂ ಮೊದಲೇ ಬರೆದು, ಅಭ್ಯಾಸ ಮಾಡಿ ತಂದಿದ್ದರು. ಅದು ಸಂದರ್ಶನದ ವೇಷ ತೊಟ್ಟ ಪ್ರಚಾರ ಭಾಷಣ. ಮಾತಿನ ನಡುವೆ ಈಡನ್ ಬೆಲೆ ಏರಿಕೆಯ ನಕ್ಷೆಯೊಂದನ್ನು ತೋರಿಸಿದರು. ಮಿಚೆಲ್ ಅದರ ಬಗ್ಗೆ ಚಕಾರ ಎತ್ತಲಿಲ್ಲ. ನಕ್ಷೆಯ ಅಳತೆಯನ್ನೇ ಹಿಗ್ಗಿಸಲಾಗಿದೆ ಎಂದು ತೋರಿಸಿಕೊಡಲು ಲೇಬರ್ ಪಕ್ಷದ ಸರದಿ ಬರುವವರೆಗೆ, ಕ್ರಿಸ್ಟಫರ್ ಮೇಹ್ಯೂ ಕ್ಯಾಮೆರಾದ ಮುಂದೆ ಬಂದು ಕೂರುವವರೆಗೆ ದೇಶ ಕಾಯಬೇಕಾಯಿತು. ಒಬ್ಬ ರಾಜಕಾರಣಿ ಹೇಳಿದ್ದನ್ನು ಇನ್ನೊಬ್ಬ ರಾಜಕಾರಣಿಯೇ ಪ್ರಶ್ನಿಸಬೇಕು, ನಡುವೆ ಪತ್ರಕರ್ತನಿಗೆ ಜಾಗವಿಲ್ಲ ಎಂಬುದು ಅಂದಿನ ಪರಿಪಾಠ.

ಅಲ್ಲಿಂದ ಐವತ್ತು ವರ್ಷ ಕಳೆಯುವುದರೊಳಗೆ ಅದೇ ದೇಶದ ಟೆಲಿವಿಷನ್ನು ಮಾಜಿ ಗೃಹ ಸಚಿವರೊಬ್ಬರಿಗೆ ಒಂದೇ ಪ್ರಶ್ನೆಯನ್ನು 12 ಬಾರಿ ಕೇಳಿತು. ಈ ಎರಡು ರಾತ್ರಿಗಳ ನಡುವಿನ ಕಥೆಯನ್ನು ಪತ್ರಕರ್ತರ ಧೈರ್ಯದ ಕಥೆಯೆಂದು ಹೇಳಿ ಮುಗಿಸುವುದು ಸುಲಭ. ಧೈರ್ಯವಂತೂ ಬೇಕಿತ್ತು. ಆದರೆ ಅಧಿಕಾರಸ್ಥರ ಮುಂದೆ ಮೊದಲ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಬಂದ ಮೇಲೆ ಕೇಳುವ ಎರಡನೇ ಪ್ರಶ್ನೆಯೇ ನಿಜವಾದ ಪರೀಕ್ಷೆ. ಅದನ್ನು ಕೇಳಲು ಕಾನೂನಿನ ಅಡ್ಡಿ ಇರಬಾರದು, ಕೇಳುವವನ ಕೈಯಲ್ಲಿ ಮಾಹಿತಿ ಇರಬೇಕು, ಕೇಳಿದ ಮೇಲೂ ಅವನ ಕೆಲಸ ಉಳಿಯಬೇಕು. ಬ್ರಿಟಿಷ್ ಪತ್ರಕರ್ತರು ಈ ಮೂರನ್ನೂ ಒಂದೊಂದಾಗಿ ಸಂಪಾದಿಸಿಕೊಂಡರು.

ಮೊದಲು ಕಾನೂನಿನ ಮಾತು. ಆ ಕಾಲದ ಬ್ರಿಟನ್ನಿನ ಪತ್ರಿಕೆಗಳೇನೂ ಬಾಯಿಲ್ಲದವಲ್ಲ. ಸಚಿವರನ್ನು ಅವು ದಿನವೂ ಝಾಡಿಸುತ್ತಿದ್ದವು. ಪ್ರಸಾರ ಮಾಧ್ಯಮದ ಪಾಡು ಬೇರೆ. ಬಿಬಿಸಿ ನಡೆಯುತ್ತಿದ್ದುದು ರಾಜಸನ್ನದಿನ ಮೇಲೆ, ಸರ್ಕಾರ ಕೊಡುವ ಪರವಾನಗಿಯ ಮೇಲೆ. ಜನ ಕಟ್ಟುವ ಲೈಸೆನ್ಸ್ ಶುಲ್ಕದ ಮೊತ್ತ ನಿಗದಿಯಾಗುತ್ತಿದ್ದುದೂ ಸರ್ಕಾರದ ಕೈಯಲ್ಲಿ. ಇದರ ಮೇಲೆ ‘ಹದಿನಾಲ್ಕು ದಿನಗಳ ನಿಯಮ’ ಎಂಬುದೊಂದಿತ್ತು. ಮುಂದಿನ 14 ದಿನಗಳಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬರಲಿರುವ ಯಾವ ವಿಷಯವನ್ನೂ ರೇಡಿಯೊದಲ್ಲಾಗಲಿ ಟೆಲಿವಿಷನ್ನಿನಲ್ಲಾಗಲಿ ಚರ್ಚಿಸಕೂಡದು! ಯುದ್ಧಕಾಲದಲ್ಲಿ, 1944ರಲ್ಲಿ, ಬಿಬಿಸಿ ತಾನಾಗಿಯೇ ಹಾಕಿಕೊಂಡಿದ್ದ ಈ ಕಟ್ಟಳೆ 1947ರಲ್ಲಿ ಲಿಖಿತ ಒಪ್ಪಂದದೊಳಗೆ ಸೇರಿತು. ಜನರ ಪ್ರತಿನಿಧಿಗಳಲ್ಲದವರು ಸಂಸತ್ತಿಗಿಂತ ಮೊದಲೇ ಅಭಿಪ್ರಾಯ ಹೇಳಿಬಿಡುವುದು ಆಘಾತಕಾರಿ ಎಂದು 1955ರಲ್ಲಿ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಈ ನಿಯಮವನ್ನು ಸದನದಲ್ಲೇ ಸಮರ್ಥಿಸಿಕೊಂಡರು. ಬಿಬಿಸಿ ಅದರಿಂದ ಬಿಡಿಸಿಕೊಳ್ಳಲು ಹೊರಟಾಗ, ಅದೇ ವರ್ಷದ ಜುಲೈನಲ್ಲಿ, ಚರ್ಚಿಲ್ ಬಳಿಕ ಅಧಿಕಾರಕ್ಕೆ ಬಂದಿದ್ದ ಈಡನ್ ಸರ್ಕಾರ ಅದನ್ನೇ ಅಧಿಕೃತ ಆಜ್ಞೆಯಾಗಿ ಹೊರಡಿಸಿತು.

ನಿಯಮದ ಹುಳುಕು ಬಯಲಾದದ್ದು ಸೂಯೆಜ್ ಬಿಕ್ಕಟ್ಟಿನಲ್ಲಿ. 1956ರ ಜುಲೈ 26ರಂದು ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಶರತ್ಕಾಲದ ಹೊತ್ತಿಗೆ ಬ್ರಿಟನ್ ಯುದ್ಧಕ್ಕಿಳಿಯಿತು. ಮನೆಮನೆಯಲ್ಲೂ ಅದೇ ಮಾತು, ಪತ್ರಿಕೆಗಳ ತುಂಬ ಅದೇ ಸುದ್ದಿ. ಸದನದಲ್ಲಿ ನಿತ್ಯವೂ ಚರ್ಚೆ ನಡೆಯುತ್ತಿದ್ದುದರಿಂದ ರೇಡಿಯೊ, ಟೆಲಿವಿಷನ್ನುಗಳು ಮಾತ್ರ ಆ ಬಗ್ಗೆ ಚರ್ಚಿಸುವಂತಿರಲಿಲ್ಲ. ಪ್ರಧಾನಿ ಈಡನ್ ಯುದ್ಧವನ್ನು ಸಮರ್ಥಿಸಿ ದೇಶವನ್ನುದ್ದೇಶಿಸಿ ಮಾತಾಡಿದ ಮರುದಿನವೇ ವಿರೋಧ ಪಕ್ಷದ ನಾಯಕ ಹ್ಯೂ ಗೈಟ್ಸ್‌ಕೆಲ್ ಅವರಿಗೂ ಬಿಬಿಸಿ ಅವಕಾಶ ಕೊಟ್ಟಿತು. ಸರ್ಕಾರಕ್ಕೆ ಕೋಪ ಬಂದರೂ ಬಿಬಿಸಿ ಹಿಂದೆ ಸರಿಯಲಿಲ್ಲ. ಆ ಡಿಸೆಂಬರಿನಲ್ಲಿ ಹದಿನಾಲ್ಕು ದಿನಗಳ ನಿಯಮವನ್ನು ಪ್ರಯೋಗಕ್ಕೆಂದು ಅಮಾನತಿನಲ್ಲಿಟ್ಟರು. 1957ರಲ್ಲಿ ಅದು ಶಾಶ್ವತವಾಗಿ ಮೂಲೆ ಸೇರಿತು.

ಇಷ್ಟರಲ್ಲಿ ಬಿಬಿಸಿಗೆ ಒಬ್ಬ ಪ್ರತಿಸ್ಪರ್ಧಿ ಹುಟ್ಟಿದ್ದ. 1955ರ ಸೆಪ್ಟೆಂಬರ್ 22ರಂದು ಜಾಹೀರಾತಿನ ಹಣದಿಂದ ನಡೆಯುವ ಐಟಿವಿ ಪ್ರಸಾರ ಆರಂಭಿಸಿತು. ಅದರ ಸುದ್ದಿ ಸಂಸ್ಥೆ ಐಟಿಎನ್. ಬಿಬಿಸಿಯ ಸುದ್ದಿವಾಚಕರು ಬರೆದುಕೊಟ್ಟದ್ದನ್ನು ಗಂಭೀರವಾಗಿ ಓದುವವರು; ಐಟಿಎನ್ ತನ್ನವರಿಗೆ ಸ್ವಂತ ವ್ಯಕ್ತಿತ್ವ ಬೇಕೆಂದಿತು. ಹಾಗೆ ಬಂದ ಮೊದಲ ಇಬ್ಬರಲ್ಲಿ ಒಬ್ಬರು ಖ್ಯಾತ ಓಟಗಾರ ಕ್ರಿಸ್ಟಫರ್ ಚಾಟವೇ. ಇನ್ನೊಬ್ಬರು ರಾಬಿನ್ ಡೇ. ದಪ್ಪ ಕನ್ನಡಕ, ಬೋ ಟೈ, ಗಡಸು ದನಿ. ಓದಿದ್ದು ವಕೀಲಿಕೆ, ಸಾಕ್ಷಿಯ ಪಾಟೀಸವಾಲು ಹೇಗೆ ನಡೆಯುತ್ತದೆ ಎಂಬುದನ್ನು ನ್ಯಾಯಾಲಯದಲ್ಲಿ ಕಂಡವರು. ಆ ಕಲೆ ಅವರ ಜೊತೆಗೇ ಸ್ಟುಡಿಯೊಗೆ ಬಂತು.

1957ರ ಬೇಸಿಗೆಯಲ್ಲಿ ಡೇ ಕೈರೋಗೆ ಹೋಗಿ ನಾಸರ್ ಅವರನ್ನು ಸಂದರ್ಶಿಸಿದರು. ಬ್ರಿಟನ್ನಿಗೂ ಈಜಿಪ್ಟಿಗೂ ಆಗ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಎರಡು ಸರ್ಕಾರಗಳ ನಡುವೆ ಮಾತು ನಿಂತಿದ್ದಾಗ ಒಬ್ಬ ಪತ್ರಕರ್ತ ಎದುರು ಕೂತು, ಇಸ್ರೇಲ್ ಸ್ವತಂತ್ರ ರಾಷ್ಟ್ರವಾಗಿ ಶಾಶ್ವತವಾಗಿ ಇರುವುದನ್ನು ತಾವು ಒಪ್ಪುತ್ತೀರೋ ಎಂದು ಕೇಳಿದ. ತಾವೇ ಏನೇನೋ ತೀರ್ಮಾನಕ್ಕೆ ಬರುತ್ತಿದ್ದೀರಿ ಎಂದು ನಾಸರ್ ಜಾರಿಕೊಂಡರು. ಇಲ್ಲ, ನಾನು ಪ್ರಶ್ನೆ ಕೇಳುತ್ತಿದ್ದೇನೆ ಎಂದರು ಡೇ.

ಪರದೇಶದ ನಾಯಕನನ್ನು ಹೀಗೆ ಕೇಳಿದರೆ ಮನೆಯಲ್ಲಿ ಚಪ್ಪಾಳೆ ಸಿಗುತ್ತದೆ. ಸ್ವದೇಶದ ಪ್ರಧಾನಿಯನ್ನು ಕೇಳುವುದು ಬೇರೆಯೇ ಮಾತು. ಆ ದಿನ 1958ರ ಫೆಬ್ರುವರಿ 23ರಂದು ಬಂತು. ಹನ್ನೊಂದೇ ದಿನಗಳ ಹಿಂದೆ ರಾಚ್‌ಡೇಲ್ ಉಪಚುನಾವಣೆಯಲ್ಲಿ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಅವರ ಕನ್ಸರ್ವೇಟಿವ್ ಪಕ್ಷ ತಾನು ಹಿಡಿದಿದ್ದ ಸ್ಥಾನ ಕಳೆದುಕೊಂಡು ಮೂರನೆಯ ಸ್ಥಾನಕ್ಕೆ ಕುಸಿದಿತ್ತು. ಟೆಲಿವಿಷನ್ ಕ್ಯಾಮೆರಾಗಳು ಮೊದಲ ಬಾರಿಗೆ ಹಿಂಬಾಲಿಸಿದ ಚುನಾವಣೆ ಅದು. ಚುನಾವಣೆಯ ಹೊತ್ತಿನಲ್ಲಿ ಪ್ರಚಾರವನ್ನು ಸುದ್ದಿಯಾಗಿ ತೋರಿಸಿದರೆ ಕಾನೂನು ಮುರಿದಂತಾದೀತು ಎಂಬ ಭಯ ಅಲ್ಲಿಯವರೆಗೂ ಪ್ರಸಾರಕರ ಕೈ ಕಟ್ಟಿಹಾಕಿತ್ತು.

ಐಟಿಎನ್ ಸ್ಟುಡಿಯೊದಲ್ಲಿ ಮ್ಯಾಕ್‌ಮಿಲನ್ ಎದುರು ಕೂತ ಡೇ ವಿದೇಶಾಂಗ ಸಚಿವ ಸೆಲ್ವಿನ್ ಲಾಯ್ಡ್ ಅವರ ಪ್ರಸ್ತಾಪ ತೆಗೆದರು. ಲಾಯ್ಡ್ ಅವರನ್ನು ಕೆಳಗಿಳಿಸಬೇಕು ಎಂಬ ಟೀಕೆ ಪ್ರಧಾನಿಯ ಸ್ವಂತ ಪಕ್ಷದ ಸುತ್ತಮುತ್ತಲೇ ಕೇಳಿಬರುತ್ತಿತ್ತು. ಆ ಟೀಕೆಯ ಬಗ್ಗೆ ತಾವೇನು ಹೇಳುತ್ತೀರಿ? ಲಾಯ್ಡ್ ಒಳ್ಳೆಯ ವಿದೇಶಾಂಗ ಸಚಿವರು, ಹಾಗಲ್ಲವೆಂದು ಅನ್ನಿಸಿದ್ದರೆ ತಾನೇ ಈಗಾಗಲೇ ಬದಲಿಸುತ್ತಿದ್ದೆ ಎಂದರು ಮ್ಯಾಕ್‌ಮಿಲನ್. ಇಂದಿನ ಕಣ್ಣಿಗೆ ಇದು ಸೌಮ್ಯ ಪ್ರಶ್ನೆ, ಸಭ್ಯ ಉತ್ತರ. ಮರುದಿನ ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿ. ಪ್ರಧಾನಿಯೊಬ್ಬರು ಸಾರ್ವಜನಿಕವಾಗಿ ಎದುರಿಸಿದ ಅತಿ ಬಿರುಸಿನ ಪಾಟೀಸವಾಲು ಇದು ಎಂದಿತು ‘ಡೈಲಿ ಎಕ್ಸ್‌ಪ್ರೆಸ್’. ‘ಡೈಲಿ ಮಿರರ್’ನ ಅಂಕಣಕಾರ ಕಸಾಂಡ್ರ ಸಿಡುಕಿದರು: ಇಂಥ ಪ್ರಶ್ನೆಗೆ ಪ್ರಧಾನಿ ಇನ್ನೇನು ತಾನೆ ಹೇಳಿಯಾರು, ಕಿರುತೆರೆ ತನ್ನ ಮಿತಿ ಮೀರುತ್ತಿದೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪ್ರಶ್ನೆಯಿಂದ ಲಾಯ್ಡ್ ಅವರ ಕುರ್ಚಿ ಇನ್ನೆರಡು ವರ್ಷ ಗಟ್ಟಿಯಾದದ್ದೇ ಹೆಚ್ಚು. ಬದಲಾದದ್ದು ಬೇರೆ. ದೇಶದ ಪ್ರಧಾನಿ ತನ್ನ ಸಂಪುಟದ ಬಗ್ಗೆ ಮೊದಲೇ ತಿಳಿಸಿರದ ಪ್ರಶ್ನೆಗೆ ಜನರ ಕಣ್ಣೆದುರೇ ಉತ್ತರ ಕೊಟ್ಟಿದ್ದರು. ಒಮ್ಮೆ ಪ್ರಧಾನಿ ಉತ್ತರಿಸಿದ ಮೇಲೆ, ಅದು ತಮ್ಮ ಘನತೆಗೆ ಕುಂದು ಎಂದು ಹೇಳುವ ಅವಕಾಶ ಕೆಳಗಿನ ಸಚಿವರಿಗೆ ಉಳಿಯಲಿಲ್ಲ.

ಡೇ ಮುಂದಿನ ವರ್ಷ ಬಿಬಿಸಿಯ ‘ಪನೋರಮಾ’ಕ್ಕೆ ಹೋದರು. 1961ರಲ್ಲಿ ಬರೆದ ಪುಸ್ತಕದಲ್ಲಿ ಸಂದರ್ಶಕರಿಗೆಂದು ಹತ್ತು ಅಂಶಗಳ ನೀತಿಸಂಹಿತೆಯೊಂದನ್ನು ರೂಪಿಸಿದರು. ಬಲಾಢ್ಯರ ಮುಂದೆ ಅಳುಕಬಾರದು. ಮುಜುಗರದ ವಿಷಯಗಳನ್ನು ಬಿಟ್ಟುಬಿಡಬಾರದು. ಪ್ರಶ್ನೆಗಳನ್ನು ಮೊದಲೇ ಕೊಡಬಾರದು. ಯಾವ ವಿಷಯಗಳನ್ನು ಕುರಿತು ಕೇಳುತ್ತೇವೆ ಎಂದು ತಿಳಿಸಬಹುದು. ಕೆಲಸ ಕೊಟ್ಟವರೇ ಸಂದರ್ಶನವನ್ನು ಮೆದುವಾಗಿಸಲು ನೋಡಿದರೆ ಪ್ರತಿಭಟಿಸಬೇಕು, ಆಗದಿದ್ದರೆ ಎದ್ದುಬರಬೇಕು. ಕ್ಯಾಮೆರಾ ಅಭ್ಯಾಸವಿಲ್ಲದ ಸಾಮಾನ್ಯರನ್ನು ಸಿಕ್ಕಿಹಾಕಿಸಬಾರದು. ಪಟ್ಟು ಬಿಡದೆ ಕೇಳಬೇಕು, ಬಿರುಸಾಗಿ ಕಾಣಿಸಿಕೊಳ್ಳಲೆಂದು ಮಾತ್ರ ಕೇಳಬಾರದು. ಕೊನೆಯದಾಗಿ, ಸಂದರ್ಶಕ ನ್ಯಾಯಾಧೀಶನೂ ಅಲ್ಲ, ಸರ್ಕಾರಿ ವಕೀಲನೂ ಅಲ್ಲ. ನೋಡುಗರ ಪರವಾಗಿ ಮಾಹಿತಿ ಹುಡುಕುವ ಪತ್ರಕರ್ತ. ಅರವತ್ತು ವರ್ಷ ದಾಟಿದರೂ ಈ ಹತ್ತು ಮಾತುಗಳಿಗೆ ಸೇರಿಸುವುದಾಗಲಿ ಕಳೆಯುವುದಾಗಲಿ ಹೆಚ್ಚೇನೂ ಇಲ್ಲ.

ಆದರೆ ನೀತಿಸಂಹಿತೆ ಸಂದರ್ಶಕನ ಕೈಯಲ್ಲಿದ್ದರೆ ಸಾಲದು. ಸಂಸ್ಥೆಯ ಬೆನ್ನುಮೂಳೆಯೂ ಗಟ್ಟಿಯಿರಬೇಕು. 1971ರಲ್ಲಿ ಇದು ಪರೀಕ್ಷೆಗೆ ಬಂತು. ಅಧಿಕಾರ ಕಳೆದುಕೊಂಡಿದ್ದ ಲೇಬರ್ ನಾಯಕ ಹೆರಾಲ್ಡ್ ವಿಲ್ಸನ್ ಅವರನ್ನು ಡೇವಿಡ್ ಡಿಂಬಲ್‌ಬಿ ಬಿಬಿಸಿಯ ಸಾಕ್ಷ್ಯಚಿತ್ರಕ್ಕಾಗಿ ಸಂದರ್ಶಿಸುತ್ತ, ಆತ್ಮಕಥನದಿಂದ ಎಷ್ಟು ಹಣ ಬಂತು ಎಂದು ಕೇಳಿದರು. ವಿಲ್ಸನ್ ಸಿಟ್ಟಿಗೆದ್ದರು, ಸಂದರ್ಶನ ಅಲ್ಲಿಗೆ ನಿಂತಿತು. ಜೂನ್ 17ರಂದು ‘ಯೆಸ್ಟರ್‌ಡೇಸ್ ಮೆನ್’ ಎಂಬ ಹೆಸರಿನಲ್ಲಿ ಚಿತ್ರ ಪ್ರಸಾರವಾದಾಗ ಆ ಪ್ರಶ್ನೆಯೇ ಅದರಲ್ಲಿರಲಿಲ್ಲ. ಆದರೂ ಗದ್ದಲ ನಿಲ್ಲಲಿಲ್ಲ. ಬಿಬಿಸಿ ದೂರು ವಿಚಾರಣೆಗೆಂದೇ ಒಂದು ಆಯೋಗವನ್ನು ನೇಮಿಸಬೇಕಾಯಿತು. ಚಿತ್ರ ತಂಡವೂ ಪೂರ್ತಿ ನಿರ್ದೋಷಿಯಲ್ಲ. ಚಿತ್ರದ ಹೆಸರು ‘ಹಳಬರು, ಮುಗಿದವರು’ ಎಂದು ಹಂಗಿಸುವಂಥದು, ಅದು ವಿಲ್ಸನ್ ಮತ್ತು ಅವರ ಸಂಗಡಿಗರಿಗೆ ಮೊದಲೇ ತಿಳಿದಿರಲಿಲ್ಲ. ಬಿರುಸಿನ ಪ್ರಶ್ನೆಗೂ ಕುಹಕಕ್ಕೂ ನಡುವಣ ಗೆರೆ ಮೀರಿದರೆ ನಷ್ಟವಾಗುವುದು ಪ್ರಶ್ನೆಗೇ ಎಂಬ ಪಾಠ ಅಲ್ಲಿತ್ತು.

1982ರ ಅಕ್ಟೋಬರಿನಲ್ಲಿ ಡೇ ಎದುರಿಗೆ ರಕ್ಷಣಾ ಸಚಿವ ಜಾನ್ ನಾಟ್ ಕೂತಿದ್ದರು. ಅರ್ಜೆಂಟೀನಾ ಜೊತೆಗಿನ ಫಾಕ್‌ಲ್ಯಾಂಡ್ಸ್ ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು, ನೌಕಾಪಡೆಗೆ ಖರ್ಚಿನ ಕಡಿತದ ಮಾತು ನಡೆದಿತ್ತು. ನಾಟ್ ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲವೆಂದು ಆಗಲೇ ಹೇಳಿದ್ದರು. ಹಿರಿಯ ನೌಕಾಧಿಕಾರಿಗಳನ್ನು ಬಿಟ್ಟು, ಇಂದು ಇದ್ದು ನಾಳೆ ಹೋಗುವ ರಾಜಕಾರಣಿಯಾದ ನಿಮ್ಮನ್ನು ಜನ ಏಕೆ ನಂಬಬೇಕು ಎಂದು ಡೇ ಕೇಳಿದರು. ಈ ಸಂದರ್ಶನ ಸಾಕಾಯಿತು ಎಂದು ನಾಟ್ ಮೈಕು ಕಿತ್ತಿಟ್ಟು ಎದ್ದು ನಡೆದರು. ಮುಂದೆ ಅವರು ತಮ್ಮ ಆತ್ಮಕಥೆಗೆ ಡೇ ಬಳಸಿದ ಆ ಮಾತನ್ನೇ ಹೆಸರಾಗಿ ಇಟ್ಟುಕೊಂಡರು.

ಆ ದಶಕದ ಅತ್ಯಂತ ಹರಿತವಾದ ಪಾಟೀಸವಾಲು ಬಂದದ್ದು ಮಾತ್ರ ಪತ್ರಕರ್ತರಿಂದಲ್ಲ. 1983ರ ಮೇ 24, ಚುನಾವಣೆಯ ಕಾವಿನ ದಿನಗಳು. ಬಿಬಿಸಿಯ ‘ನೇಷನ್‌ವೈಡ್’ ಕಾರ್ಯಕ್ರಮದಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಸೈರನ್‌ಸೆಸ್ಟರ್ ಎಂಬ ಊರಿನ ಶಿಕ್ಷಕಿ ಡಯಾನಾ ಗೌಲ್ಡ್ ಪರದೆಯ ಮೇಲೆ ಕಾಣಿಸಿಕೊಂಡರು. ಹಿಂದಿನ ವರ್ಷ ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿಯೊಂದು ಅರ್ಜೆಂಟೀನಾದ ‘ಬೆಲ್‌ಗ್ರಾನೊ’ ಸಮರನೌಕೆಯನ್ನು ಮುಳುಗಿಸಿ 323 ಮಂದಿ ಸತ್ತಿದ್ದರು. ಹಡಗು ನಿಷೇಧಿತ ವಲಯದ ಹೊರಗಿತ್ತು, ಫಾಕ್‌ಲ್ಯಾಂಡ್ಸ್‌ನಿಂದ ದೂರ ಹೋಗುತ್ತಿತ್ತು. ಹಾಗಿದ್ದೂ ಮುಳುಗಿಸಲು ಆಜ್ಞೆ ಕೊಟ್ಟದ್ದೇಕೆ ಎಂದು ಗೌಲ್ಡ್ ಕೇಳಿದರು.

ಅದು ದೂರ ಹೋಗುತ್ತಿರಲಿಲ್ಲ ಎಂದರು ಥ್ಯಾಚರ್. ಬಹಳ ಮಂದಿ ಅಲ್ಲಿಗೆ ತಣ್ಣಗಾಗುತ್ತಿದ್ದರು. ಗೌಲ್ಡ್ ಹಡಗಿನ ದಿಕ್ಕಿನ ಅಂಕಿಯನ್ನೇ ಮುಂದಿಟ್ಟರು: 280 ಡಿಗ್ರಿ. ಅಂದರೆ ಸರಿಸುಮಾರು ಪಶ್ಚಿಮ. ಹಡಗು ಆಗಲೇ ದ್ವೀಪಗಳ ಪಶ್ಚಿಮಕ್ಕಿತ್ತು. ಹಾಗಾದರೆ ದೂರ ಹೋಗುತ್ತಿರಲಿಲ್ಲ ಎಂದು ಹೇಗೆ ಹೇಳುತ್ತೀರಿ? ಅದು ನಮ್ಮ ಹಡಗುಗಳಿಗೆ ಅಪಾಯವಾಗಿತ್ತು ಎಂದು ಥ್ಯಾಚರ್ ಬೇರೆ ದಾರಿ ಹಿಡಿದರು. ಗೌಲ್ಡ್ ಮತ್ತೆ ದಿಕ್ಕಿಗೇ ಎಳೆದು ತಂದರು. ಮೂವತ್ತು ವರ್ಷಗಳಾದ ಮೇಲೆ ಎಲ್ಲ ದಾಖಲೆಗಳೂ ಹೊರಬರುತ್ತವೆ ಎಂದು ಥ್ಯಾಚರ್ ಹೇಳಿದಾಗ, ಅಷ್ಟು ಸಾಲದು ಎಂದು ಉತ್ತರ ಕೊಟ್ಟರು. ದನಿ ಏರಿಸಲಿಲ್ಲ, ಅವಮಾನದ ಒಂದು ಮಾತೂ ಆಡಲಿಲ್ಲ.

ಥ್ಯಾಚರ್ ಆ ಚುನಾವಣೆಯನ್ನು ಭಾರಿ ಬಹುಮತದಿಂದ ಗೆದ್ದರು. ಹಡಗು ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಕ್ಷಣದಲ್ಲಿ ತಿರುಗಬಹುದಿತ್ತು ಎಂಬ ಸರ್ಕಾರದ ವಾದಕ್ಕೆ ತೂಕವಿತ್ತು. ಆದರೆ ಪ್ರಧಾನಿ ಮೊದಲು ಕೊಟ್ಟ ಉತ್ತರ ಆ ವಾದವಲ್ಲ, ಹಡಗು ದೂರ ಹೋಗುತ್ತಿರಲಿಲ್ಲ ಎಂಬ ತಪ್ಪು ಹೇಳಿಕೆ. ಮರುವರ್ಷ ರಕ್ಷಣಾ ಇಲಾಖೆಯ ಅಧಿಕಾರಿ ಕ್ಲೈವ್ ಪಾಂಟಿಂಗ್ ಈ ಕುರಿತ ದಾಖಲೆಗಳನ್ನು ಸಂಸದ ಟ್ಯಾಮ್ ಡೇಲ್ಯೆಲ್ ಅವರಿಗೆ ಕಳಿಸಿಕೊಟ್ಟರು. ರಹಸ್ಯ ಕಾಯ್ದೆಯಡಿ ಮೊಕದ್ದಮೆ ನಡೆಯಿತು. 1985ರ ಫೆಬ್ರುವರಿಯಲ್ಲಿ ಜ್ಯೂರಿ ಪಾಂಟಿಂಗ್ ಅವರನ್ನು ಖುಲಾಸೆ ಮಾಡಿತು. ಶಿಕ್ಷಕಿಯೊಬ್ಬರು ಒಂದೇ ಒಂದು ಅಂಕಿ ಹಿಡಿದು ಮಾಡಿದ ಕೆಲಸವನ್ನು ಇಡೀ ಸುದ್ದಿಕೋಣೆಗಳು ಮಾಡಿರಲಿಲ್ಲ.

ಆ ಬಗೆಯ ತಯಾರಿಯನ್ನೇ ಒಂದು ಪದ್ಧತಿಯಾಗಿ ಬೆಳೆಸಿದ್ದು ಲಂಡನ್ ವೀಕೆಂಡ್ ಟೆಲಿವಿಷನ್. ಅಲ್ಲಿ ಜಾನ್ ಬರ್ಟ್ ಮತ್ತು ಸಂಗಡಿಗರು ಸಂದರ್ಶನಕ್ಕೆ ಮುನ್ನ ಕೂತು, ಈ ಪ್ರಶ್ನೆಗೆ ನಾಯಕರು ಕೊಡಬಹುದಾದ ಉತ್ತರಗಳು ಯಾವುವು, ಪ್ರತಿಯೊಂದಕ್ಕೂ ಮುಂದಿನ ಪ್ರಶ್ನೆ ಏನು ಎಂದು ಕವಲು ಕವಲಾಗಿ ಬರೆದಿಡುತ್ತಿದ್ದರು. ಚದುರಂಗದಲ್ಲಿ ಎದುರಾಳಿಯ ನಾಲ್ಕಾರು ನಡೆಗಳನ್ನು ಮೊದಲೇ ಎಣಿಸಿಟ್ಟುಕೊಂಡಂತೆ. ಆ ಪದ್ಧತಿಯ ದೊಡ್ಡ ಆಟಗಾರ ಬ್ರಯನ್ ವಾಲ್ಡನ್, ಲೇಬರ್ ಪಕ್ಷದ ಮಾಜಿ ಸಂಸದ. ವಿಶೇಷವೆಂದರೆ ಥ್ಯಾಚರ್ ಬಗ್ಗೆ ಅವರಿಗೆ ಅಪಾರ ಮೆಚ್ಚುಗೆ, ಥ್ಯಾಚರ್‌ಗೂ ಅವರೆಂದರೆ ವಿಶ್ವಾಸ.

1989ರ ಅಕ್ಟೋಬರ್ 26ರಂದು ಹಣಕಾಸು ಸಚಿವ ನೈಜೆಲ್ ಲಾಸನ್ ರಾಜೀನಾಮೆ ಕೊಟ್ಟರು. ಪ್ರಧಾನಿಯ ಆರ್ಥಿಕ ಸಲಹೆಗಾರ ಅಲನ್ ವಾಲ್ಟರ್ಸ್ ಜೊತೆಗಿನ ತಿಕ್ಕಾಟ ಅದರ ಹಿಂದಿತ್ತು. ಮೂರು ದಿನ ಕಳೆದು, ಭಾನುವಾರ, ಥ್ಯಾಚರ್ ವಾಲ್ಡನ್ ಎದುರು ಕೂತರು. ವಾಲ್ಟರ್ಸ್ ಅವರನ್ನು ತೆಗೆದಿದ್ದರೆ ಲಾಸನ್ ಉಳಿಯುತ್ತಿದ್ದರಲ್ಲವೇ ಎಂದು ವಾಲ್ಡನ್ ಕೇಳಿದರು. ನನಗೆ ಗೊತ್ತಿಲ್ಲ ಎಂದರು ಪ್ರಧಾನಿ. ಗೊತ್ತಿಲ್ಲವೇ, ನಿಮಗೇ ಗೊತ್ತಿಲ್ಲವೇ ಎಂದು ವಾಲ್ಡನ್ ಬಿಡದೆ ಹಿಡಿದರು. ಮುಂದಿನ ಭಾನುವಾರ ಅದೇ ಕುರ್ಚಿಯಲ್ಲಿ ಕೂತ ಲಾಸನ್, ವಾಲ್ಟರ್ಸ್ ಹೋಗದಿದ್ದರೆ ತಾನು ಹೋಗುವುದಾಗಿ ಪ್ರಧಾನಿಗೆ ಸ್ಪಷ್ಟವಾಗಿ ಹೇಳಿದ್ದೆ ಎಂದರು. ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ವೀಕ್ಷಕರಿಗೆ ಉಳಿಯಿತು. ಮರುವರ್ಷ ನವೆಂಬರಿನಲ್ಲಿ ಥ್ಯಾಚರ್ ಅಧಿಕಾರದಿಂದ ಇಳಿದರು. ಅದಕ್ಕೆ ಕಾರಣಗಳು ಹಲವು. ಆದರೆ ಅವರು ಯಾರ ಮಾತನ್ನೂ ಕೇಳುವುದಿಲ್ಲ ಎಂಬ ಗುಸುಗುಸು ಜನರ ಮುಂದೆ ಬಹಿರಂಗ ಪ್ರಶ್ನೆಯಾಗಿ ನಿಂತದ್ದು ಆ ಭಾನುವಾರ. ವಾಲ್ಡನ್ ಮತ್ತು ಥ್ಯಾಚರ್ ನಡುವಿನ ಸ್ನೇಹ ಅಲ್ಲಿಗೆ ಮುಗಿಯಿತು. ಮೆಚ್ಚುಗೆಯನ್ನು ಮನೆಯಲ್ಲಿಟ್ಟು ಕೆಲಸಕ್ಕೆ ಬರುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಇನ್ನು 1997ರ ಮೇ 13. ಚುನಾವಣೆಯಲ್ಲಿ ಸೋತ ಕನ್ಸರ್ವೇಟಿವ್ ಪಕ್ಷ ಹೊಸ ನಾಯಕನನ್ನು ಹುಡುಕುತ್ತಿತ್ತು. ಹುರಿಯಾಳುಗಳಲ್ಲಿ ಒಬ್ಬರು ಮಾಜಿ ಗೃಹ ಸಚಿವ ಮೈಕೆಲ್ ಹೋವರ್ಡ್. ಅವರ ಬೆನ್ನಿಗೆ ಹಳೆಯ ವಿವಾದವೊಂದು ಅಂಟಿಕೊಂಡಿತ್ತು. 1995ರ ಜನವರಿಯಲ್ಲಿ ಪಾರ್ಕ್‌ಹರ್ಸ್ಟ್ ಜೈಲಿನಿಂದ ಮೂವರು ಕೈದಿಗಳು ತಪ್ಪಿಸಿಕೊಂಡಿದ್ದರು. ಆ ಜೈಲಿನ ಮುಖ್ಯಾಧಿಕಾರಿ ಜಾನ್ ಮ್ಯಾರಿಯಟ್ ಅವರನ್ನು ಕೂಡಲೇ ಅಮಾನತು ಮಾಡುವಂತೆ ಕಾರಾಗೃಹ ಸೇವೆಯ ಮಹಾನಿರ್ದೇಶಕ ಡೆರೆಕ್ ಲೂಯಿಸ್ ಮೇಲೆ ಸಚಿವರು ಒತ್ತಡ ಹೇರಿದರೇ? ಜೈಲುಗಳ ದಿನನಿತ್ಯದ ಆಡಳಿತ ಲೂಯಿಸ್ ಅವರದು, ಸಚಿವರದಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಹೋವರ್ಡ್ ಲೂಯಿಸ್ ಅವರನ್ನೇ ಹುದ್ದೆಯಿಂದ ತೆಗೆದುಹಾಕಿದ್ದರು.

ಬಿಬಿಸಿಯ ‘ನ್ಯೂಸ್‌ನೈಟ್’ ಕಾರ್ಯಕ್ರಮದಲ್ಲಿ ಜೆರೆಮಿ ಪ್ಯಾಕ್ಸ್‌ಮನ್ ಕೇಳಿದರು: ಅವರ ನಿರ್ಧಾರವನ್ನು ತಳ್ಳಿಹಾಕುವುದಾಗಿ ನೀವು ಬೆದರಿಸಿದಿರಾ? ಲೂಯಿಸ್‌ಗೆ ಆದೇಶ ಕೊಡುವ ಅಧಿಕಾರ ತನಗಿರಲಿಲ್ಲ, ಕೊಡಲೂ ಇಲ್ಲ ಎಂದರು ಹೋವರ್ಡ್. ಮಾತು ಸತ್ಯವಿರಬಹುದು, ಆದರೆ ಪ್ರಶ್ನೆ ಅದಲ್ಲ. ಆದೇಶ ಕೊಟ್ಟಿರೋ ಎಂದು ಪ್ಯಾಕ್ಸ್‌ಮನ್ ಕೇಳಿರಲಿಲ್ಲ. ಬೆದರಿಸಿದಿರೋ ಎಂದು ಕೇಳಿದ್ದರು. ಹೌದು ಅಥವಾ ಇಲ್ಲ ಎಂದು ಮುಗಿಸಬಹುದಾದ ಮಾತು. ಹೋವರ್ಡ್ ಪ್ರತಿ ಸಲವೂ ಪಕ್ಕದ ಪ್ರಶ್ನೆಗೆ ಉತ್ತರ ಕೊಟ್ಟರು, ಪ್ಯಾಕ್ಸ್‌ಮನ್ ಪ್ರತಿ ಸಲವೂ ಅದೇ ವಾಕ್ಯಕ್ಕೆ ಮರಳಿದರು. ಮುಂದಿನ ವರದಿಯ ಟೇಪು ಸಿದ್ಧವಾಗಿರಲಿಲ್ಲ, ಹೊತ್ತು ತುಂಬಬೇಕಿತ್ತು ಎಂದು ಪ್ಯಾಕ್ಸ್‌ಮನ್ ಮುಂದೆ ಹೇಳಿದ್ದುಂಟು. ಇರಲಿ. ಪ್ರಶ್ನೆಯಲ್ಲಿ ತಿರುಳಿಲ್ಲದಿದ್ದರೆ 12 ಸಲ ಕೇಳುವುದು ಬರೀ ಕಿರಿಕಿರಿ. ಉತ್ತರ ಕೊಡದಿರುವುದೇ ಉತ್ತರ ಎಂಬುದು ಜನರಿಗೆ ಮನದಟ್ಟಾದದ್ದು ಆ ಪ್ರಶ್ನೆ ಅಷ್ಟು ಖಚಿತವಾಗಿದ್ದುದರಿಂದ. ಜೂನ್‌ನಲ್ಲಿ ನಡೆದ ಮೊದಲ ಸುತ್ತಿನ ಮತದಾನದಲ್ಲಿ ಐವರ ಪೈಕಿ ಹೋವರ್ಡ್ ಐದನೆಯವರಾದರು.

ಈ ಪರಂಪರೆಯ ಒಂದು ಕವಲು ಭಾರತಕ್ಕೂ ಬಂದಿದೆ. ಕರಣ್ ಥಾಪರ್ ಕೆಲಸ ಕಲಿತದ್ದು ಅದೇ ಲಂಡನ್ ವೀಕೆಂಡ್ ಟೆಲಿವಿಷನ್ನಿನಲ್ಲಿ. 2004ರಲ್ಲಿ ಬಿಬಿಸಿಗಾಗಿ ಅವರು ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಅವರನ್ನು ಸಂದರ್ಶಿಸಿದಾಗ, ನಿಮ್ಮೊಂದಿಗೆ ಮಾತಾಡಿದ್ದು ಸಂತೋಷ ತಂದಿಲ್ಲ ಎಂದು ಆಕೆ ನೇರವಾಗಿಯೇ ಹೇಳಿ ಎದ್ದರು. 2007ರ ಅಕ್ಟೋಬರಿನಲ್ಲಿ ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿ 2002ರ ಹಿಂಸಾಚಾರದ ಬಗೆಗಿನ ಪ್ರಶ್ನೆಗಳು ಬಂದಾಗ ಕೆಲವೇ ನಿಮಿಷಗಳಲ್ಲಿ ನೀರು ಕೇಳಿ, ಮೈಕು ತೆಗೆದಿಟ್ಟು ಸಂದರ್ಶನ ನಿಲ್ಲಿಸಿದರು. ಎರಡೂ ಸಂದರ್ಶನಗಳನ್ನು ಜನ ಇಂದಿಗೂ ಹುಡುಕಿ ನೋಡುತ್ತಾರೆ.

ಬಿರುಸು ಹೆಚ್ಚಾದಂತೆ ಅದರ ದೋಷಗಳೂ ಹೆಚ್ಚಾದವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಿಂದೆ ವಾಲ್ಡನ್ ಜೊತೆ ಕೆಲಸ ಮಾಡಿದ್ದ ಜಾನ್ ಬರ್ಟ್ ಬಿಬಿಸಿಯ ಮುಖ್ಯಸ್ಥರಾಗಿದ್ದಾಗ, 1995ರಲ್ಲಿ ಡಬ್ಲಿನ್ನಿನ ಉಪನ್ಯಾಸದಲ್ಲಿ, ಮೂಗು ಮುರಿಯುವ ಸಂದರ್ಶಕರನ್ನು ಬಹಿರಂಗವಾಗಿ ಟೀಕಿಸಿದರು. ರಾಜಕಾರಣಿಗಳೂ ಪಳಗಿದರು, ಏನು ಕೇಳಿದರೂ ತಾವು ಹೇಳಬೇಕೆಂದು ಬಂದದ್ದನ್ನೇ ಹೇಳಿ ಹೋಗುವ ತರಬೇತಿ ಪಡೆದುಕೊಂಡರು. ಇಂದು ನಮ್ಮ ಸ್ಟುಡಿಯೊಗಳಲ್ಲಿ ಕೂಗಾಟಕ್ಕೆ ಬರವಿಲ್ಲ. ಆರು ಮಂದಿಯನ್ನು ಕೂರಿಸಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ಅರಚಾಡಿಸಿದರೆ ನಾಯಕರಿಗೆ ಅದರಷ್ಟು ಅನುಕೂಲ ಬೇರೊಂದಿಲ್ಲ. ಆ ಗದ್ದಲದಲ್ಲಿ ಎರಡನೇ ಪ್ರಶ್ನೆ ಹುಟ್ಟುವುದೇ ಇಲ್ಲ.

ಹಾಗಾಗಿ ಸಂದರ್ಶನವನ್ನು ಅಳೆಯುವ ಕೋಲು ದನಿಯ ಏರಿಳಿತವಾಗಬಾರದು. ಪ್ರಶ್ನೆ ಮೊದಲೇ ನಾಯಕರ ಕಚೇರಿಗೆ ಹೋಗಿತ್ತೇ? ಕೇಳುವವರ ಬಳಿ 280 ಡಿಗ್ರಿಯಂಥ ಒಂದು ಗಟ್ಟಿ ಅಂಕಿ ಇತ್ತೇ? ಹಾರಿಕೆಯ ಉತ್ತರ ಬಂದಾಗ ಅವರು ಮರಳಿ ಅಲ್ಲಿಗೇ ಬಂದರೇ? ನಾಯಕರು ಎದ್ದು ಹೋದರೆ ಸಂಸ್ಥೆ ಯಾರ ಪಕ್ಕ ನಿಂತಿತು? ಓದುಗರು, ನೋಡುಗರು ಈ ನಾಲ್ಕನ್ನು ಕೇಳುವ ರೂಢಿ ಮಾಡಿಕೊಂಡರೆ ಪತ್ರಕರ್ತರೂ ಬದಲಾಗುತ್ತಾರೆ. ಬ್ರಿಟನ್ನಿನಲ್ಲಿ ಆ ಹಕ್ಕನ್ನು ಯಾವ ಸರ್ಕಾರವೂ ತಾನಾಗಿ ದಯಪಾಲಿಸಲಿಲ್ಲ. ಒಬ್ಬರು ಕೇಳಿದರು, ಅವರ ಸಂಸ್ಥೆ ಅವರನ್ನು ಉಳಿಸಿಕೊಂಡಿತು, ಮರುದಿನ ಇನ್ನೊಬ್ಬರು ಕೇಳಿದರು. ಉತ್ತರ ಕೊಡುವ ರೂಢಿ ಅಧಿಕಾರದಲ್ಲಿರುವವರಿಗೆ ಬಂದದ್ದು ಹಾಗೆಯೇ. ಕೇಳುವುದನ್ನು ನಿಲ್ಲಿಸಿದ ದಿನ ಅದು ತಪ್ಪಿಹೋಗುತ್ತದೆ.